ಬಿಸಿಗೊಂದು ದಾರಿ

2023ರ ಸೆಪ್ಟೆಂಬರ್ 24. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಮೋಟೋಜಿಪಿ ರೇಸ್. 24 ಸುತ್ತು ಓಡಬೇಕಿದ್ದ ರೇಸನ್ನು ಧಗೆಯ ಕಾರಣಕ್ಕೆ 21 ಸುತ್ತಿಗೆ ಇಳಿಸಿದರು. ಇಟಲಿಯ ಮಾರ್ಕೊ ಬೆಝೆಕ್ಕಿ ಗೆದ್ದರು. ಎರಡನೆಯವರಾಗಿ ಗೆರೆ ದಾಟಿದ ಸ್ಪೇನಿನ ಹೊರ್ಹೆ ಮಾರ್ಟಿನ್ ಮೈಯ ನೀರೆಲ್ಲ ಬತ್ತಿ, ಬೈಕಿನಿಂದ ಇಳಿದ ಮೇಲೆ ಕುಸಿದರು. ವರ್ಷವಿಡೀ ದೇಹ ಪಳಗಿಸುವುದನ್ನೇ ಕಸುಬಾಗಿ ಮಾಡಿಕೊಂಡವರ ಪಾಡು ಇದು.

ಮೇಲಿನಿಂದ ಬಿಸಿಲು, ಕೆಳಗಿನಿಂದ ಡಾಂಬರಿನ ಕಾವು. ಆದರೆ ಅವೆರಡಕ್ಕಿಂತಲೂ ಹತ್ತಿರದಲ್ಲಿ, ಸವಾರನ ಎರಡು ಮೊಣಕಾಲುಗಳ ನಡುವೆ ಇನ್ನೊಂದು ಮೂಲ ಉರಿಯುತ್ತಿರುತ್ತದೆ. ಅದು ಎಂಜಿನ್. ಕಾರಿನಲ್ಲಿ ಎಂಜಿನ್ನಿಗೂ ಕೂತವರಿಗೂ ನಡುವೆ ದಪ್ಪ ಗೋಡೆಯಿದೆ, ಗೋಡೆಯ ಈಚೆ ಏಸಿ ಇದೆ. ಮೋಟಾರ್‌ಸೈಕಲ್ಲಿನಲ್ಲಿ ಎಂಜಿನ್ನೇ ಆಸನದ ತಳಪಾಯ. ಅದರ ಬಿಸಿ ಹೊರಗೆ ಹೋಗುವ ದಾರಿಯಲ್ಲೇ ಮನುಷ್ಯ ಕೂತಿದ್ದಾನೆ.

ಶಾಖವನ್ನು ಇಲ್ಲವಾಗಿಸುವ ಯಂತ್ರವನ್ನು ಯಾರೂ ಮಾಡಿಲ್ಲ, ಮಾಡಲೂ ಆಗದು. ಅದನ್ನು ಇಲ್ಲಿಂದ ಅಲ್ಲಿಗೆ ಸಾಗಿಸಬಹುದು, ಅಷ್ಟೆ. ಹಾಗಾಗಿ ವೇಗದ ಬೈಕ್ ಕಟ್ಟುವ ಎಂಜಿನಿಯರ್ ಮುಂದಿರುವ ಮುಖ್ಯ ಪ್ರಶ್ನೆ "ಎಷ್ಟು ಬಿಸಿ?" ಎಂಬುದಲ್ಲ, "ಬಿಸಿ ಯಾವ ದಾರಿಯಲ್ಲಿ ಹೋಗಬೇಕು?" ಎಂಬುದು. ಈ ಅಧ್ಯಾಯದಲ್ಲಿ ಆ ದಾರಿಯನ್ನು ಪೆಟ್ರೋಲಿನ ಜ್ವಾಲೆಯಿಂದ ಹಿಡಿದು ಸವಾರನ ತೊಡೆಯವರೆಗೆ ಹಿಂಬಾಲಿಸೋಣ.

ಒಂದು ಲೀಟರ್ ಪೆಟ್ರೋಲಿನ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು 32 ಮೆಗಾಜೌಲ್ ಶಕ್ತಿ ಹೊರಬರುತ್ತದೆ. ಒಳ್ಳೆಯ ಸ್ಪೋರ್ಟ್ ಬೈಕಿನ ಎಂಜಿನ್ ಅದರಲ್ಲಿ ಹೆಚ್ಚುಕಡಿಮೆ ಶೇ 30ರಷ್ಟನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತದೆ. ಉಳಿದದ್ದು ಬಿಸಿಯಾಗಿಯೇ ಹೋಗುತ್ತದೆ. ಇದಕ್ಕೆ ತಯಾರಕರ ಅಸಡ್ಡೆ ಕಾರಣವಲ್ಲ. ಶಾಖದಿಂದ ಕೆಲಸ ತೆಗೆಯುವ ಯಾವ ಯಂತ್ರವೂ ಒಂದಷ್ಟು ಶಾಖವನ್ನು ಹೊರಗೆ ಚೆಲ್ಲಲೇಬೇಕು ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿಕೊಟ್ಟಿದ್ದರು. ಆ ನಿಯಮಕ್ಕೆ ಇಂದಿಗೂ ವಿನಾಯಿತಿ ಸಿಕ್ಕಿಲ್ಲ.

ಈಗ 200 ಅಶ್ವಶಕ್ತಿಯ ಒಂದು ಬೈಕನ್ನು ತೆಗೆದುಕೊಳ್ಳಿ. 200 ಅಶ್ವಶಕ್ತಿ ಎಂದರೆ ಸುಮಾರು 150 ಕಿಲೋವ್ಯಾಟ್. ಅದು ಶೇ 30 ಆಗಬೇಕಾದರೆ ಪೆಟ್ರೋಲಿನಿಂದ ಬರಬೇಕಾದದ್ದು 500 ಕಿಲೋವ್ಯಾಟ್. ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ಪೆಟ್ರೋಲ್ ಬೇಕು. ಮಿಕ್ಕ 350 ಕಿಲೋವ್ಯಾಟ್‌ನಲ್ಲಿ ದೊಡ್ಡ ಪಾಲು ಸೈಲೆನ್ಸರಿನ ಮೂಲಕ ಹೊಗೆಯೊಂದಿಗೆ ಹೋಗುತ್ತದೆ. ಸ್ಥೂಲವಾಗಿ 100 ಕಿಲೋವ್ಯಾಟ್‌ನಷ್ಟನ್ನು ಕೂಲೆಂಟ್ ಮತ್ತು ಆಯಿಲ್ ಹೊತ್ತೊಯ್ಯಬೇಕು. ಉಳಿದದ್ದು ಎಂಜಿನ್ನಿನ ಮೈಯಿಂದ, ಪೈಪುಗಳಿಂದ ನೇರವಾಗಿ ಸುತ್ತಲಿನ ಗಾಳಿಗೆ ಸೇರುತ್ತದೆ.

ಆ 100 ಕಿಲೋವ್ಯಾಟನ್ನು ಕಡೆಗೆ ಹೊರಬೇಕಾದದ್ದು ಗಾಳಿಯೇ. ರೇಡಿಯೇಟರ್ ದಾಟುವ ಗಾಳಿ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿ ಹೊರಬರುತ್ತದೆ ಎಂದುಕೊಂಡರೂ ಸೆಕೆಂಡಿಗೆ ಎರಡು ಸಾವಿರ ಲೀಟರಿಗಿಂತ ಹೆಚ್ಚು ಗಾಳಿ ಬೇಕಾಗುತ್ತದೆ. ಸ್ಪೋರ್ಟ್ ಬೈಕಿನ ಮೈಕಟ್ಟು ಹಾಗೇಕಿದೆ, ಅದು ನಿಂತಾಗ ಕಷ್ಟವೇಕೆ ಎಂಬುದಕ್ಕೆಲ್ಲ ಉತ್ತರ ಈ ಒಂದು ಅಂಕಿಯಲ್ಲಿದೆ.

ಲೋಹ ಕರಗುವುದಿಲ್ಲವೇಕೆ?

ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ ಗಳಿಗೆ ಮಟ್ಟಿಗೆ 2000 ಡಿಗ್ರಿ ದಾಟುತ್ತದೆ. ಅದರ ಸುತ್ತಲಿನ ಪಿಸ್ಟನ್, ಹೆಡ್‌ಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಕರಗುವ ಮಾತಿರಲಿ, 250 ಡಿಗ್ರಿ ದಾಟಿದರೇ ಅದರ ಬಲ ಕುಂದತೊಡಗುತ್ತದೆ. ಹಾಗಿದ್ದೂ ಎಂಜಿನ್ ವರ್ಷಗಟ್ಟಲೆ ಓಡುತ್ತದೆ.

ಇದಕ್ಕೆ ಮೂರು ಕಾರಣ. ಮೊದಲನೆಯದು ಸಮಯ. ನಿಮಿಷಕ್ಕೆ 13,000 ಸುತ್ತು ತಿರುಗುವ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ 108 ಸಲ ಉರಿಯುತ್ತದೆ. ಒಂದು ಆವರ್ತನಕ್ಕೆ ಸಿಗುವ ಒಂಬತ್ತು ಮಿಲಿಸೆಕೆಂಡಿನಲ್ಲಿ ಜ್ವಾಲೆ ಇರುವುದು ತೀರ ಸ್ವಲ್ಪ ಹೊತ್ತು. ಮರುಗಳಿಗೆ ಹೊಸ ತಂಪು ಗಾಳಿ ಒಳಗೆ ನುಗ್ಗಿರುತ್ತದೆ. ಎರಡನೆಯದು, ಗೋಡೆಗೆ ಅಂಟಿಕೊಂಡಂತೆ ನಿಲ್ಲುವ ತೆಳುವಾದ ಅನಿಲದ ಪದರ. ಅನಿಲ ಶಾಖದ ಕೆಟ್ಟ ವಾಹಕವಾದ್ದರಿಂದ ಈ ಪದರ ಲೋಹವನ್ನು ಜ್ವಾಲೆಯ ನೇರ ಏಟಿನಿಂದ ಕಾಪಾಡುತ್ತದೆ. ಮೂರನೆಯದು, ಅಲ್ಯೂಮಿನಿಯಂ ಒಳ್ಳೆಯ ವಾಹಕ. ತನಗೆ ತಾಗಿದ ಬಿಸಿಯನ್ನು ತಡಮಾಡದೆ ಆಚೆಗೆ ದಾಟಿಸುತ್ತದೆ. ಆಚೆ ಬದಿಯಲ್ಲಿ ಅದನ್ನು ತೆಗೆದುಕೊಳ್ಳಲು ಯಾರಾದರೂ ಕಾದಿರಬೇಕು, ಅಷ್ಟೆ. ನೀರೋ ಆಯಿಲೋ ಗಾಳಿಯೋ, ಅವರು ತಡಮಾಡಿದ ಕಡೆಯೇ ಅನಾಹುತ.

ಎಂಜಿನ್ನಿನಲ್ಲಿ ಅತ್ಯಂತ ಕಷ್ಟದ ಜಾಗ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳ ನಡುವಿನ, ಸ್ಪಾರ್ಕ್ ಪ್ಲಗ್ ಪಕ್ಕದ ಸಣ್ಣ ಸೇತುವೆ. ಅಲ್ಲಿ ಲೋಹ ಕಡಿಮೆ, ಬಿಸಿ ಹೆಚ್ಚು, ನೀರಿನ ಹಾದಿ ಕಿರಿದು. ಎಕ್ಸಾಸ್ಟ್ ವಾಲ್ವಿನ ತಲೆಯಂತೂ 700 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ವಾಲ್ವ್ ಮುಚ್ಚಿ ಸೀಟಿನ ಮೇಲೆ ಕೂತ ಆ ಗಳಿಗೆಯಲ್ಲೇ ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ದಾಟಿಸಬೇಕು. ವಾಲ್ವ್ ಕ್ಲಿಯರೆನ್ಸ್ ಕಡಿಮೆಯಾಗಿ ವಾಲ್ವ್ ಸರಿಯಾಗಿ ಕೂರದಿದ್ದರೆ ಅಂಚು ಸುಟ್ಟುಹೋಗುವುದು ಈ ಕಾರಣಕ್ಕೆ.

ಬಿಸಿ ಲೋಹವನ್ನು ಹಿಗ್ಗಿಸುತ್ತದೆ ಕೂಡ. 80 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಪಿಸ್ಟನ್ 200 ಡಿಗ್ರಿ ಕಾದರೆ ಸುಮಾರು 0.37 ಮಿಲಿಮೀಟರ್ ಹಿಗ್ಗುತ್ತದೆ. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದು ಇದಕ್ಕಿಂತ ತೀರ ಕಡಿಮೆ. ಅಂದರೆ ಪಿಸ್ಟನ್ನೂ ಬೋರೂ ಜೊತೆಜೊತೆಗೆ, ಲೆಕ್ಕಾಚಾರದಂತೆ ಹಿಗ್ಗಿದರೆ ಮಾತ್ರ ಎಂಜಿನ್ ಓಡುತ್ತದೆ. ಒಂದು ಮೀರಿ ಕಾದರೆ ಗ್ಯಾರೇಜಿನವರು ಹೇಳುವ ಹಾಗೆ ಎಂಜಿನ್ "ಸೀಜ್" ಆಗುತ್ತದೆ.

ಇನ್ನೊಂದು ತೊಡಕು ಹೆಚ್ಚು ಗುಟ್ಟಿನದು. ಇಂದಿನ ಸ್ಪೋರ್ಟ್ ಬೈಕುಗಳು ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹದಿಮೂರನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತವೆ. ಗೋಡೆಗಳು ಅತಿಯಾಗಿ ಕಾದಿದ್ದರೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಅದನ್ನು ತಪ್ಪಿಸಲು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಿಡಿಯ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಪಿಸ್ಟನ್ನಿಗೆ ಸಿಗುವ ಬಲ ಕುಗ್ಗಿ, ಹೊಗೆಯ ತಾಪ ಇನ್ನಷ್ಟು ಏರುತ್ತದೆ. ಜೊತೆಗೆ, ಎಂಜಿನ್ ಎಳೆದುಕೊಳ್ಳುವ ಗಾಳಿ 25 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಶೇ 5ರಷ್ಟು ಇಳಿಯುತ್ತದೆ. ಆಮ್ಲಜನಕ ಅಷ್ಟು ಕಡಿಮೆ, ಶಕ್ತಿಯೂ ಅಷ್ಟು ಕಡಿಮೆ. ಬಿಸಿ ಬಿಸಿಯನ್ನೇ ಹೆರುವ ಸುಳಿ ಇದು.

ರೆಕ್ಕೆ, ಎಣ್ಣೆ, ನೀರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಯೆಜ್ಡಿಗಳನ್ನು ಕಂಡವರಿಗೆ ಸಿಲಿಂಡರಿನ ಸುತ್ತ ಪದರ ಪದರವಾಗಿ ನಿಂತ ಫಿನ್‌ಗಳ ನೆನಪಿರುತ್ತದೆ. ಅಲ್ಲಿ ಬಿಸಿ ಲೋಹದಿಂದ ನೇರವಾಗಿ ಗಾಳಿಗೆ ದಾಟುತ್ತಿತ್ತು. ನಡುವೆ ಪಂಪಿಲ್ಲ, ಪೈಪಿಲ್ಲ, ಸೋರುವ ಭಯವಿಲ್ಲ. 250 ಸಿಸಿಯ ಎಂಜಿನ್ನಿಗೆ ಅದು ಸಾಕು. ಆದರೆ ಗಾಳಿಯ ಹೊರುವ ಬಲ ತೀರ ಕಡಿಮೆ. ಒಂದೇ ಗಾತ್ರದ ನೀರು ಮತ್ತು ಗಾಳಿಯನ್ನು ಒಂದೊಂದು ಡಿಗ್ರಿ ಬಿಸಿ ಮಾಡಿದರೆ ನೀರು ಗಾಳಿಗಿಂತ ಸುಮಾರು 3500 ಪಟ್ಟು ಹೆಚ್ಚು ಶಾಖ ಹೀರುತ್ತದೆ. ನಾಲ್ಕು ಸಿಲಿಂಡರುಗಳು ಸಾಲಾಗಿ ನಿಂತ ಎಂಜಿನ್ನಿನಲ್ಲಿ ನಡುವಿನ ಎರಡಕ್ಕೆ ಗಾಳಿ ಸರಿಯಾಗಿ ತಾಗುವುದೂ ಇಲ್ಲ.

ಜಪಾನಿನ ಸುಜುಕಿ 1971ರಲ್ಲಿ ಮೂರು ಸಿಲಿಂಡರಿನ ಎರಡು ಸ್ಟ್ರೋಕ್ ಜಿಟಿ750 ಬೈಕಿಗೆ ನೀರಿನ ತಂಪು ಅಳವಡಿಸಿತು. ನಡುವಿನ ಸಿಲಿಂಡರನ್ನು ಬದುಕಿಸಿಕೊಳ್ಳುವುದು ಅದರ ಒಂದು ಉದ್ದೇಶವಾಗಿತ್ತು. ಬೈಕ್ ಓಡಿತು, ಆದರೆ ಭಾರ ಹೆಚ್ಚು. ನೀರಿನ ಜಾಕೆಟ್, ಪಂಪ್, ರೇಡಿಯೇಟರ್, ಅದರೊಳಗಿನ ನೀರು ಎಲ್ಲವನ್ನೂ ಬೈಕೇ ಹೊರಬೇಕಲ್ಲ! ಸ್ಪೋರ್ಟ್ ಬೈಕಿಗೆ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ.

ಹದಿನಾಲ್ಕು ವರ್ಷಗಳ ನಂತರ ಅದೇ ಸುಜುಕಿಯ ಎಂಜಿನಿಯರ್ ಎತ್ಸುಓ ಯೊಕೊಉಚಿ ಬೇರೆ ದಾರಿ ಹಿಡಿದರು. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಎಸ್‌ಎಕ್ಸ್-ಆರ್750ರಲ್ಲಿ ಅವರು ನೀರನ್ನು ಕೈಬಿಟ್ಟರು. ಎಂಜಿನ್ನಿನಲ್ಲಿ ಹೇಗಿದ್ದರೂ ಆಯಿಲ್ ಇದ್ದೇ ಇದೆ, ತಂಪಿನ ಕೆಲಸವನ್ನೂ ಅದಕ್ಕೇ ಏಕೆ ವಹಿಸಬಾರದು ಎಂಬುದು ಅವರ ಆಲೋಚನೆ. ಆಯಿಲ್ ಪಂಪಿನಲ್ಲಿ ಎರಡು ವಿಭಾಗ ಮಾಡಿ, ಒಂದರಿಂದ ಬೇರಿಂಗುಗಳಿಗೆ ಒತ್ತಡದಲ್ಲಿ ಆಯಿಲ್ ಕಳುಹಿಸಿದರು. ಇನ್ನೊಂದರಿಂದ ಹೇರಳವಾಗಿ ಆಯಿಲ್ ತೆಗೆದು, ದಹನ ಕೋಣೆಯ ನೆತ್ತಿಯ ಮೇಲೆ ಧಾರೆ ಬಿಡಿಸಿದರು. ಪಿಸ್ಟನ್ನಿನ ತಳಕ್ಕೂ ಆಯಿಲ್ ಚಿಮ್ಮಿಸಿದರು.

ಆಯಿಲ್ ನೀರಿಗೆ ಸಮವಲ್ಲ ಎಂಬುದು ಯೊಕೊಉಚಿಗೆ ಗೊತ್ತಿತ್ತು. ಅದರ ಶಾಖ ಹಿಡಿಯುವ ಸಾಮರ್ಥ್ಯ ನೀರಿನ ಅರ್ಧ, ಶಾಖ ದಾಟಿಸುವ ಗುಣ ಕಾಲು ಭಾಗ. ಆ ಕೊರತೆಯನ್ನು ವೇಗ ತುಂಬಿಕೊಟ್ಟಿತು. ನಿಧಾನವಾಗಿ ಹರಿಯುವ ದ್ರವ ಬಿಸಿ ಲೋಹದ ಮೇಲೆ ನಿಂತ ಪದರವಾಗಿ ಕೂತು ತಾನೇ ತಡೆಗೋಡೆಯಾಗುತ್ತದೆ. ಜೋರಾಗಿ ಬಿದ್ದ ಧಾರೆ ಆ ಪದರವನ್ನು ಹರಿದು, ಹೊಸ ಹೊಸ ಆಯಿಲನ್ನು ಲೋಹಕ್ಕೆ ತಾಗಿಸುತ್ತದೆ. ಸುಮಾರು 100 ಅಶ್ವಶಕ್ತಿಯ ಆ ಬೈಕಿನ ಒಣ ತೂಕ 176 ಕಿಲೋ ಎಂದು ಕಂಪನಿ ಘೋಷಿಸಿತು. 750 ಸಿಸಿ ಬೈಕಿಗೆ ಆಗ ಅದು ಬೆರಗಿನ ತೂಕ. ಇಂದಿನ ಸ್ಪೋರ್ಟ್ ಬೈಕಿನ ವಂಶ ಅಲ್ಲಿಂದಲೇ ಶುರು ಎಂದು ಬಹಳ ಮಂದಿ ಎಣಿಸುತ್ತಾರೆ.

ಆದರೂ ಶಕ್ತಿ ಏರುತ್ತ ಹೋದಂತೆ ಆಯಿಲ್ ಸೋತಿತು. ಕವಾಸಾಕಿ 1984ರಲ್ಲೇ ಜಿಪಿಝಡ್900ಆರ್ ಬೈಕಿನಲ್ಲಿ ನೀರಿನ ತಂಪಿನ, ಹದಿನಾರು ವಾಲ್ವಿನ ನಾಲ್ಕು ಸಿಲಿಂಡರ್ ಎಂಜಿನ್ ತಂದಿತ್ತು. ಸುಜುಕಿಯೂ 1992ರಲ್ಲಿ ಜಿಎಸ್‌ಎಕ್ಸ್-ಆರ್750ಕ್ಕೆ ನೀರು ಹಾಕಿತು. ಹಾಗೆಂದು ಯೊಕೊಉಚಿಯವರ ಶ್ರಮ ವ್ಯರ್ಥವಾಗಲಿಲ್ಲ. ಇಂದು ದೊಡ್ಡ ಸ್ಪೋರ್ಟ್ ಬೈಕುಗಳಲ್ಲಿ ಹೆಡ್ಡಿಗೆ ನೀರು, ಪಿಸ್ಟನ್ ತಳಕ್ಕೆ ಆಯಿಲ್ ಧಾರೆ, ಎರಡೂ ಒಟ್ಟಿಗೆ ಇರುತ್ತವೆ.

ನಮ್ಮ ದೇಶದ ಹುಡುಗರ ಕೈಗೆ ನೀರಿನ ತಂಪಿನ ಸ್ಪೋರ್ಟ್ ಬೈಕ್ ಎಟುಕಿದ್ದು 2008ರಲ್ಲಿ, 150 ಸಿಸಿಯ ಯಮಹಾ ಆರ್15 ಬಂದಾಗ. ಅದರ ಸಿಲಿಂಡರು ಹೆಚ್ಚು ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂನದು. ಒಳಗೆ ಕಬ್ಬಿಣದ ಲೈನರ್ ಇಲ್ಲದ್ದರಿಂದ ಬಿಸಿ ಬೇಗ ನೀರಿಗೆ ದಾಟುತ್ತದೆ.

ರೇಡಿಯೇಟರ್ ಮುಚ್ಚಳದ ವಿಜ್ಞಾನ

ನೀರಿನ ತಂಪಿನ ವ್ಯವಸ್ಥೆಯಲ್ಲಿ ಹೆಚ್ಚಿನವರು ಗಮನಿಸದ ವಸ್ತು ರೇಡಿಯೇಟರಿನ ಮುಚ್ಚಳ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ತಣ್ಣಗಿರುವಾಗ ಬಿಚ್ಚಿ ತಿರುವಿ ನೋಡಿದರೆ ಒಳಗೆ ಗಟ್ಟಿ ಸ್ಪ್ರಿಂಗ್, ಅದರ ತುದಿಗೆ ರಬ್ಬರಿನ ಬಳೆ, ನಡುವೆ ಕಿರುಬೆರಳ ಉಗುರಿನಷ್ಟು ಚಿಕ್ಕ ಇನ್ನೊಂದು ವಾಲ್ವ್ ಕಾಣುತ್ತವೆ. ಮೇಲೆ 1.1 ಎಂಬ ಅಂಕಿ ಅಚ್ಚಾಗಿರುವುದುಂಟು. ವಾತಾವರಣದ ಒತ್ತಡಕ್ಕಿಂತ 1.1 ಬಾರ್ ಹೆಚ್ಚಾಗುವವರೆಗೆ ನಾನು ಬಾಯಿ ತೆರೆಯುವುದಿಲ್ಲ ಎಂಬುದು ಆ ಅಂಕಿಯ ಅರ್ಥ.

ಒತ್ತಡ ಹೆಚ್ಚಿದರೆ ಕುದಿಬಿಂದು ಏರುತ್ತದೆ. ಬಯಲಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಈ ಮುಚ್ಚಳದ ಕೆಳಗೆ 120 ಡಿಗ್ರಿ ದಾಟುವವರೆಗೆ ಕುದಿಯದು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಇನ್ನೂ ಕೆಲವು ಡಿಗ್ರಿ ತಡೆಯುತ್ತದೆ. ಕುದಿಯುವುದೆಂದರೆ ಇಷ್ಟು ಭಯವೇಕೆ? ಹೆಡ್ಡಿನ ಆ ಕಿರಿದಾದ ಸೇತುವೆಯ ಬಳಿ ಸಣ್ಣ ಗುಳ್ಳೆಗಳು ಎದ್ದು ಒಡನೆ ಕರಗಿದರೆ ಒಳ್ಳೆಯದೇ, ಅವು ಶಾಖವನ್ನು ಬೇಗ ಹೊತ್ತೊಯ್ಯುತ್ತವೆ. ಆದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ಹಬೆಯ ಹೊದಿಕೆಯಾದರೆ ನೀರು ಲೋಹವನ್ನು ಮುಟ್ಟುವುದೇ ನಿಲ್ಲುತ್ತದೆ. ಮೀಟರಿನಲ್ಲಿ ಕಾಣುವ ತಾಪ ಸಾಧಾರಣವಾಗಿದ್ದರೂ ಅಲ್ಲಿ ಲೋಹ ಬೇಯುತ್ತಿರುತ್ತದೆ.

ಒತ್ತಡ ಮಿತಿ ಮೀರಿದರೆ ದೊಡ್ಡ ವಾಲ್ವ್ ತೆರೆದು ಕೂಲೆಂಟ್ ಪಕ್ಕದ ರಿಸರ್ವ್ ಟ್ಯಾಂಕಿಗೆ ಹೋಗುತ್ತದೆ. ಎಂಜಿನ್ ಆರಿ ತಣ್ಣಗಾದಾಗ ಒಳಗೆ ಒತ್ತಡ ಇಳಿದು, ನಡುವಿನ ಚಿಕ್ಕ ವಾಲ್ವ್ ತೆರೆದು, ಹೋದ ಕೂಲೆಂಟ್ ಹಿಂದಕ್ಕೆ ಬರುತ್ತದೆ. ಆ ರಬ್ಬರ್ ಬಳೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಈ ಇಡೀ ಏರ್ಪಾಡು ಕುಸಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಎಂಜಿನ್ ಕಾಯುವ ಕೆಲಸ ಈ ಚಿಕ್ಕ ಬಳೆಯದು.

ಇದರ ಜೊತೆಗಾರ ಥರ್ಮೋಸ್ಟಾಟ್. ಅದರೊಳಗೆ ಮೇಣದ ಗುಳಿಗೆ ಇದೆ. 80 ಡಿಗ್ರಿ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ಕೂಲೆಂಟ್ ಎಂಜಿನ್ನಿನೊಳಗೇ ಸುತ್ತುತ್ತದೆ. ಥರ್ಮೋಸ್ಟಾಟ್ ತೆಗೆದು ಬಿಸಾಡಿದರೆ ಬೈಕ್ ತಂಪಾಗಿರುತ್ತದೆ ಎನ್ನುವವರಿದ್ದಾರೆ. ಅದು ತಪ್ಪು. ಎಂಜಿನ್ ಬೇಗ ಕಾಯದಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಆಯಿಲಿಗೆ ಸೇರುತ್ತದೆ, ಪಿಸ್ಟನ್ನು ಬೋರುಗಳು ತಮ್ಮ ಅಳತೆಗೆ ಬರುವುದಿಲ್ಲ, ಸವೆತ ಹೆಚ್ಚುತ್ತದೆ. ಎಂಜಿನ್ನಿಗೆ ಬೇಕಾದದ್ದು ತಂಪಲ್ಲ, ಹದ.

ಗಾಳಿಗೆ ಬಾಗಿಲು ಎರಡು

ರೇಡಿಯೇಟರಿಗೆ ಗಾಳಿ ನುಗ್ಗಿಸುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 460 ಪಾಸ್ಕಲ್. 300 ಕಿಲೋಮೀಟರಿಗೆ ಒಂಬತ್ತು ಪಟ್ಟು. 20 ಕಿಲೋಮೀಟರಿಗೆ ಇಳಿದರೆ ಇಪ್ಪತ್ತೈದನೇ ಒಂದು ಭಾಗ. ಸ್ಪೋರ್ಟ್ ಬೈಕಿನ ವಿನ್ಯಾಸಕಾರ ಮೊದಲ ಎರಡು ಅಂಕಿಗಳನ್ನು ಮನಸ್ಸಿನಲ್ಲಿಟ್ಟು ಕೆಲಸ ಮಾಡಿರುತ್ತಾನೆ. ನಾವು ದಿನವೂ ಓಡಿಸುವುದು ಮೂರನೆಯದರಲ್ಲಿ.

ಗಾಳಿ ಒಳಗೆ ಬಂದರಷ್ಟೇ ಸಾಲದು, ಹೊರಗೂ ಹೋಗಬೇಕು. ಬೈಕಿನ ಹೊರಕವಚವಾದ ಫೇರಿಂಗಿನ ಹಿಂದೆ ಒತ್ತಡ ಕಟ್ಟಿಕೊಂಡರೆ ಮುಂದಿನಿಂದ ಎಷ್ಟು ನೂಕಿದರೂ ಗಾಳಿ ರೇಡಿಯೇಟರನ್ನು ದಾಟದೆ ಪಕ್ಕಕ್ಕೆ ಸರಿದುಹೋಗುತ್ತದೆ. ಫೇರಿಂಗಿನ ಬದಿಯಲ್ಲಿ ಕಾಣುವ ಸೀಳುಗಳು ಅಂದಕ್ಕಲ್ಲ. ಹೊರಗಿನ ಗಾಳಿ ವೇಗವಾಗಿ ಜಾರುವ, ಹಾಗಾಗಿ ಒತ್ತಡ ಕಡಿಮೆಯಿರುವ ಜಾಗದಲ್ಲೇ ಅವನ್ನು ಕೊರೆದಿರುತ್ತಾರೆ, ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಳೆಯಲಿ ಎಂದು. ಅಗ್ಗದ ಬದಲಿ ಫೇರಿಂಗಿನಲ್ಲಿ ಆ ಸೀಳುಗಳ ಕೋನ ಬದಲಾದರೆ ಬೈಕ್ ಕಾಯುವ ರೀತಿಯೂ ಬದಲಾಗುತ್ತದೆ.

ರೇಡಿಯೇಟರ್ ಮುಂದಿನ ಚಕ್ರದ ಹಿಂದೆಯೇ ಇರಬೇಕೆಂದಿಲ್ಲ. ನ್ಯೂಜಿಲೆಂಡಿನ ಜಾನ್ ಬ್ರಿಟನ್ ತನ್ನ ವರ್ಕ್‌ಶಾಪಿನಲ್ಲಿ ಕೈಯಾರೆ ಕಟ್ಟಿದ ಬ್ರಿಟನ್ ವಿ1000 ರೇಸ್ ಬೈಕಿನಲ್ಲಿ ರೇಡಿಯೇಟರನ್ನು ಆಸನದ ಕೆಳಗಿಟ್ಟು, ಮೂತಿಯಿಂದ ಅಲ್ಲಿಗೆ ಗಾಳಿಯ ಕೊಳವೆ ಒಯ್ದರು. ಬೈಕಿನ ಮುಂಭಾಗ ಕಿರಿದಾಯಿತು. ಇಟಲಿಯ ಬೆನೆಲ್ಲಿ ಟೊರ್ನಾಡೊದಲ್ಲೂ ರೇಡಿಯೇಟರ್ ಆಸನದ ಕೆಳಗೆ, ಬಾಲದಲ್ಲಿ ಎರಡು ಹಳದಿ ಫ್ಯಾನುಗಳು. ಹೋಂಡಾ ತನ್ನ ಕೆಲವು ವಿ-ಟ್ವಿನ್ ಬೈಕುಗಳಲ್ಲಿ ಎರಡು ರೇಡಿಯೇಟರುಗಳನ್ನು ಎರಡು ಪಕ್ಕೆಗೆ ಜೋಡಿಸಿತ್ತು. ಟಿವಿಎಸ್ ಕಂಪನಿ ಬಿಎಂಡಬ್ಲ್ಯೂ ಮೋಟೊರಾಡ್ ಜೊತೆಗೂಡಿ ರೂಪಿಸಿ, ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ತಯಾರಿಸುವ ಅಪಾಚೆ ಆರ್‌ಆರ್310ರಲ್ಲಿ ಹೆಡ್ಡನ್ನೇ ಹಿಂದುಮುಂದು ಮಾಡಿದ್ದಾರೆ. ಗಾಳಿ ಎಳೆಯುವ ಬಾಯಿ ಮುಂದೆ, ಹೊಗೆ ಬಿಡುವ ಬಾಯಿ ಹಿಂದೆ. ತಂಪು ಗಾಳಿ ಮೊದಲು ಎಂಜಿನ್ನಿಗೆ ಸಿಗುತ್ತದೆ.

ಪ್ರತಿ ಆಯ್ಕೆಗೂ ಬೆಲೆ ಇದೆ. 1994ರಲ್ಲಿ ಮಸ್ಸಿಮೊ ತಂಬುರಿನಿ ರೂಪಿಸಿದ ಡುಕಾಟಿ 916 ಜಗತ್ತಿನ ಚೆಲುವಾದ ಬೈಕುಗಳಲ್ಲೊಂದು. ಅದರ ಸೈಲೆನ್ಸರುಗಳು ಆಸನದಡಿಯ ಬಾಲದಲ್ಲಿ ಸೇರಿಕೊಂಡಿದ್ದವು. ನೋಟಕ್ಕೆ ಅದ್ಭುತ, ಕೂತವರಿಗೆ ಸುಡುವ ಆಸನ. ಹಲವು ಕಂಪನಿಗಳು ಆ ರೂಪವನ್ನು ಅನುಸರಿಸಿದವು. ಭಾರವನ್ನು ತಗ್ಗಿನಲ್ಲಿ, ನಡುಮಧ್ಯಕ್ಕೆ ತರುವ ಲೆಕ್ಕ ಗಟ್ಟಿಯಾದ ಮೇಲೆ ಸೈಲೆನ್ಸರುಗಳು ಎಂಜಿನ್ನಿನ ಹೊಟ್ಟೆಯ ಕೆಳಗೆ ಇಳಿದವು, ಆಸನವೂ ತಣ್ಣಗಾಯಿತು.

ಕೆಂಪು ದೀಪದ ಮುಂದೆ

ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಲೀಟರ್ ಎಂಜಿನ್ನಿನ ಸ್ಪೋರ್ಟ್ ಬೈಕ್ ಸಿಕ್ಕಿಕೊಂಡಿದೆ ಎನ್ನಿ. ಎಂಜಿನ್ ಐಡಲ್‌ನಲ್ಲಿದೆ, ಗಂಟೆಗೆ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತಿದೆ ಎಂದು ಹಿಡಿಯೋಣ. ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 9 ಕಿಲೋವ್ಯಾಟ್. ಚಕ್ರ ತಿರುಗುತ್ತಿಲ್ಲವಾದ್ದರಿಂದ ಅಷ್ಟೂ ಬಿಸಿಯೇ. ಬಚ್ಚಲುಮನೆಯ 3 ಕಿಲೋವ್ಯಾಟ್‌ನ ಮೂರು ಗೀಸರುಗಳನ್ನು ಒಟ್ಟಿಗೆ ಹಾಕಿ ಅವುಗಳ ಮೇಲೆ ಕಾಲು ಇಳಿಬಿಟ್ಟು ಕೂತಷ್ಟು.

ಈಗ ಸಹಜ ಗಾಳಿ ಇಲ್ಲ. ಕೂಲೆಂಟ್ 100 ಡಿಗ್ರಿ ದಾಟುತ್ತಿದ್ದಂತೆ ಫ್ಯಾನ್ ತಿರುಗತೊಡಗುತ್ತದೆ. ಫ್ಯಾನ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ: ಗಾಳಿಯನ್ನು ರೇಡಿಯೇಟರಿನ ಮೂಲಕ ಎಳೆದು ಹಿಂದಕ್ಕೆ ನೂಕುತ್ತದೆ. ಹಿಂದಿರುವುದು ಎಂಜಿನ್, ಅದರಾಚೆ ಮೊಣಕಾಲು, ತೊಡೆ. ಓಡುವಾಗ ಈ ಬಿಸಿಗಾಳಿಯನ್ನು ಪಕ್ಕಕ್ಕೆ ಸೆಳೆದೊಯ್ಯುತ್ತಿದ್ದ ಹೊರಗಿನ ಹರಿವು ಈಗ ಇಲ್ಲವಾದ್ದರಿಂದ ಅದು ಟ್ಯಾಂಕಿನ ಬದಿಯಿಂದ ನೆಟ್ಟಗೆ ಮೇಲೇಳುತ್ತದೆ. ಅಲ್ಯೂಮಿನಿಯಂ ಫ್ರೇಮ್ ಒಳ್ಳೆಯ ವಾಹಕವಾದ್ದರಿಂದ ಅದೂ ಕಾಯುತ್ತದೆ.

ಹೊರಗಿನ ಹವೆ ಎಷ್ಟು ಮುಖ್ಯ ಎಂಬುದನ್ನೂ ನೋಡಿ. ರೇಡಿಯೇಟರ್ ಬಿಸಿ ಬಿಡುವುದು ಕೂಲೆಂಟಿಗೂ ಗಾಳಿಗೂ ಇರುವ ತಾಪದ ಅಂತರದ ಬಲದಿಂದ. 100 ಡಿಗ್ರಿ ಕೂಲೆಂಟ್, 20 ಡಿಗ್ರಿ ಗಾಳಿ ಎಂದರೆ ಅಂತರ 80. ಕಲಬುರಗಿಯ ಬೇಸಿಗೆಯ 42 ಡಿಗ್ರಿಯಲ್ಲಿ ಅಂತರ 58. ಅದೇ ರೇಡಿಯೇಟರಿನ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಯುರೋಪಿನ ಹವೆಗೆ ಧಾರಾಳವಾಗಿದ್ದದ್ದು ಇಲ್ಲಿ ಬಿಗಿಯಾಗುತ್ತದೆ.

ಇದಕ್ಕೆ ಇನ್ನೊಂದು ಸೇರ್ಪಡೆ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯ ವಿಷವನ್ನು ಮುರಿಯುವ ಈ ಜೇನುಗೂಡು ಕೆಲಸ ಶುರು ಮಾಡಬೇಕಾದರೆ 250ರಿಂದ 300 ಡಿಗ್ರಿ ಕಾಯಬೇಕು. ಬೇಗ ಕಾಯಲಿ ಎಂದು ಅದನ್ನು ಎಂಜಿನ್ನಿಗೆ ಹತ್ತಿರ ಇಡುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂದ ಮೇಲೆ ಇದು ಇನ್ನಷ್ಟು ಮುಖ್ಯವಾಯಿತು. ನಾವೆಲ್ಲ ಉಸಿರಾಡುವ ಗಾಳಿಗಾಗಿ ಸವಾರ ತೆರುವ ಈ ಬೆಲೆ ನ್ಯಾಯವಾದದ್ದು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ತಂಪು ಹುಡುಕುವುದು ಬೇರೆಯವರ ಶ್ವಾಸಕೋಶಕ್ಕೆ ಬಿಸಿ ವರ್ಗಾಯಿಸುವ ಕೆಲಸ.

ಚರ್ಮ ಎಷ್ಟು ತಾಳುತ್ತದೆ? ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕೆಸ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಆಧಾರ. 44 ಡಿಗ್ರಿಯ ವಸ್ತುವೂ ಗಂಟೆಗಟ್ಟಲೆ ತಾಗಿದ್ದರೆ ಚರ್ಮ ಸುಡುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ತೆಳ್ಳನೆಯ ಪ್ಯಾಂಟು, ಗಿಡ್ಡ ಚಡ್ಡಿ ತೊಟ್ಟು ಸ್ಪೋರ್ಟ್ ಬೈಕ್ ಏರುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು.

ತಯಾರಕರು ಸುಮ್ಮನೆ ಕೂತಿಲ್ಲ. 2018ರಲ್ಲಿ ಬಂದ ಡುಕಾಟಿ ಪಾನಿಗಾಲೆ ವಿ4ರಲ್ಲಿ 1103 ಸಿಸಿ, 214 ಅಶ್ವಶಕ್ತಿಯ ಎಂಜಿನ್. ನಾಲ್ಕು ಸಿಲಿಂಡರುಗಳಲ್ಲಿ ಎರಡು ಮುಂದೆ, ಎರಡು ಸವಾರನ ಆಸನದ ಹತ್ತಿರ. ಬೈಕ್ ನಿಂತು, ಎಂಜಿನ್ ಕಾದಿದ್ದರೆ ಹಿಂದಿನ ಎರಡು ಸಿಲಿಂಡರುಗಳು ಉರಿಯುವುದನ್ನೇ ನಿಲ್ಲಿಸುತ್ತವೆ. ಅಮೆರಿಕದ ಹಾರ್ಲೆ-ಡೇವಿಡ್ಸನ್ ತನ್ನ ದೊಡ್ಡ ವಿ-ಟ್ವಿನ್‌ಗಳಲ್ಲಿ ಹಿಂದಿನ ಸಿಲಿಂಡರಿಗೆ ಇಂಥದ್ದೇ ಏರ್ಪಾಡನ್ನು ಇನ್ನೂ ಮೊದಲೇ ತಂದಿತ್ತು. ಈ ಅಧ್ಯಾಯದಲ್ಲಿ ಹೇಳಿದ ಎಲ್ಲ ಉಪಾಯಗಳಲ್ಲಿ ಇದು ನನಗೆ ಅತ್ಯಂತ ಜಾಣತನದ್ದಾಗಿ ಕಾಣುತ್ತದೆ. ಮಿಕ್ಕವೆಲ್ಲ ಹುಟ್ಟಿದ ಬಿಸಿಯನ್ನು ಸಾಗಿಸುತ್ತವೆ. ಇದು ಬೇಡದ ಬಿಸಿಯನ್ನು ಹುಟ್ಟಿಸುವುದೇ ಇಲ್ಲ.

ಸವಾರನ ಕೈಯಲ್ಲಿರುವುದು

ಸವಾರ ಮಾಡಬಹುದಾದ್ದೂ ಕಡಿಮೆಯೇನಿಲ್ಲ. ಕೂಲೆಂಟ್ ಖಾಲಿಯಾದಾಗ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮ ರಾಜ್ಯದ ಬಹಳಷ್ಟು ಕಡೆ ಆ ನೀರು ಗಡಸು. ಬಿಸಿಯಾದಲ್ಲೆಲ್ಲ ಸುಣ್ಣದ ಪದರ ಕಟ್ಟುತ್ತದೆ, ಆ ಪದರ ಅಲ್ಯೂಮಿನಿಯಂಗಿಂತ ಹಲವು ಹತ್ತು ಪಟ್ಟು ಕೆಟ್ಟ ವಾಹಕ. ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ, ಹೇಳಿದ ಅವಧಿಗೆ ಬದಲಾಯಿಸಿ. ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳು ಓಡದೆ ನಿಂತ ಬೈಕಿನಲ್ಲೂ ಸವೆಯುತ್ತವೆ. ರೇಸ್ ಟ್ರ್ಯಾಕಿಗೆ ಹೋಗುವವರ ಮಾತು ಬೇರೆ. ಗ್ಲೈಕಾಲ್ ಚೆಲ್ಲಿದರೆ ಡಾಂಬರು ಜಾರುತ್ತದೆ, ಹಿಂದೆ ಬರುವವರು ಬೀಳುತ್ತಾರೆ. ಹಾಗಾಗಿ ಅಲ್ಲಿ ಬಟ್ಟಿ ಇಳಿಸಿದ ನೀರಿಗೆ ತುಕ್ಕು ನಿರೋಧಕ ಬೆರೆಸಿ ಬಳಸುವುದು ರೂಢಿ.

ರೇಡಿಯೇಟರಿನ ಹಲ್ಲುಗಳಲ್ಲಿ ಸಿಕ್ಕ ಹುಳು, ಕೆಸರನ್ನು ಮೆದು ಬ್ರಷ್ಷಿನಿಂದ ತೆಗೆಯಿರಿ. ವಾಟರ್ ಸರ್ವೀಸಿನ ಪ್ರೆಷರ್ ಗನ್ನನ್ನು ಹತ್ತಿರ ಹಿಡಿದರೆ ಹಲ್ಲುಗಳು ಮಲಗಿಬಿಡುತ್ತವೆ, ಗಾಳಿಯ ದಾರಿ ಮುಚ್ಚುತ್ತದೆ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಆಯಿಲಿನ ತಾಪ ಹತ್ತು ಡಿಗ್ರಿ ಏರಿದಂತೆಲ್ಲ ಅದು ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಎಕ್ಸಾಸ್ಟ್ ಪೈಪಿಗೆ ಬಟ್ಟೆ ಸುತ್ತಿದರೆ ಕಾಲಿಗೆ ಬಿಸಿ ಕಡಿಮೆ ತಾಗುವುದು ನಿಜ. ಆದರೆ ಮಳೆಯ ತೇವ ಅದರೊಳಗೆ ನಿಂತು ಉಕ್ಕಿನ ಪೈಪು ತುಕ್ಕು ಹಿಡಿಯುತ್ತದೆ. ಉದ್ದ ಸಿಗ್ನಲ್‌ನಲ್ಲಿ ಎಂಜಿನ್ ಆರಿಸಿ. ಆರಿಸಿದ ಮೇಲೂ ಕೆಲವು ಬೈಕುಗಳಲ್ಲಿ ಫ್ಯಾನ್ ತಿರುಗುತ್ತಿದ್ದರೆ ಗಾಬರಿ ಬೇಡ. ನಿಂತ ಕೂಲೆಂಟಿಗೆ ಲೋಹದ ಉಳಿದ ಬಿಸಿ ಇಳಿಯುವ ಹೊತ್ತು ಅದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತಿರುಗಿಸಬೇಡಿ. ಒತ್ತಡ ಇಳಿದ ಗಳಿಗೆಯಲ್ಲೇ ಒಳಗಿನ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ.

ಇಷ್ಟೆಲ್ಲ ಮಾಡಿದರೂ ಸ್ಪೋರ್ಟ್ ಬೈಕ್ ನಗರದಲ್ಲಿ ಬಿಸಿಯೇ. ಅದು ಕೆಟ್ಟಿದೆ ಎಂದಲ್ಲ. ಸೆಕೆಂಡಿಗೆ ಎರಡು ಸಾವಿರ ಲೀಟರ್ ಗಾಳಿ ನಂಬಿ ಕಟ್ಟಿದ ಯಂತ್ರ ಗಾಳಿಯೇ ಇಲ್ಲದ ಕಡೆ ನಿಂತಿದೆ. ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ತಿಳಿಸುವ ಹೊಣೆ ಮಾರುವವರದು. ಅಶ್ವಶಕ್ತಿ, ತೂಕ, ವೇಗಗಳನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಕಂಪನಿಗಳು, 40 ಡಿಗ್ರಿ ಬಿಸಿಲಿನಲ್ಲಿ ಹತ್ತು ನಿಮಿಷ ನಿಂತ ಬೈಕಿನ ಫ್ರೇಮು ಸವಾರನ ತೊಡೆಯ ಬಳಿ ಎಷ್ಟು ಕಾಯುತ್ತದೆ ಎಂಬ ಒಂದು ಅಂಕಿಯನ್ನೂ ಅದರ ಪಕ್ಕದಲ್ಲಿ ಹಾಕಲಿ. ಅಳೆಯುವುದು ಕಷ್ಟವಲ್ಲ, ಒಂದು ಥರ್ಮೋಮೀಟರ್ ಸಾಕು. ಮುಂದಿನ ಸಲ ಶೋರೂಮಿಗೆ ಹೋದಾಗ ಮೈಲೇಜಿನ ಜೊತೆ ಈ ಪ್ರಶ್ನೆಯನ್ನೂ ಕೇಳಿ. ಕೇಳುವವರು ಹೆಚ್ಚಿದರೆ ಉತ್ತರ ಕೊಡುವವರೂ ಹುಟ್ಟಿಕೊಳ್ಳುತ್ತಾರೆ.